ವೈರಿಂಗ್ ಸಂಹಿತೆಯ ಸುಧಾರಣೆ: ಎಲೆಕ್ಟ್ರಿಷಿಯನ್ ಒಬ್ಬನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡಗಳ ವೈರಿಂಗ್ ನನ್ನ ಕಸುಬು. ಮನೆ ಕಟ್ಟಿಸುವವರು, ಕೆಲಸ ಕಲಿಯಲು ಬರುವ ಹುಡುಗರು, ಒಮ್ಮೊಮ್ಮೆ ಎಂಜಿನಿಯರುಗಳೂ ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ನಿಯಮಗಳಿಗೆ ಸಂಬಂಧಪಟ್ಟವನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಉತ್ತರಗಳಲ್ಲಿ ಬರುವ ಲೆಕ್ಕಗಳೆಲ್ಲ 230 ವೋಲ್ಟ್ ಸರಬರಾಜನ್ನು ಆಧರಿಸಿವೆ. ಅಭಿಪ್ರಾಯಗಳು ನನ್ನವು.

ವೈರಿಂಗ್ ಸಂಹಿತೆ ಎಂದರೇನು? ಅದನ್ನು ಯಾರು ಬರೆಯುತ್ತಾರೆ?

ಕಟ್ಟಡದೊಳಗಿನ ವಿದ್ಯುತ್ ಜೋಡಣೆ ಹೇಗಿರಬೇಕು, ಯಾವ ತಂತಿಗೆ ಎಷ್ಟು ಆಂಪಿಯರ್, ಎಲ್ಲಿ ಯಾವ ರಕ್ಷಣಾ ಸಾಧನ, ಅರ್ಥಿಂಗ್ ಹೇಗೆ, ಕೆಲಸ ಮುಗಿದ ಮೇಲೆ ಯಾವ ಪರೀಕ್ಷೆ ಎಂಬುದನ್ನೆಲ್ಲ ಹೇಳುವ ನಿಯಮಗಳ ಸಂಗ್ರಹವೇ ವೈರಿಂಗ್ ಸಂಹಿತೆ. ಇದರ ಮೂಲ ಸರ್ಕಾರಗಳಲ್ಲಿಲ್ಲ, ಬೆಂಕಿಯ ಭಯದಲ್ಲಿದೆ. ಬ್ರಿಟನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವು ವಿದ್ಯುದ್ದೀಪಗಳಿಂದ ಉಂಟಾಗುವ ಬೆಂಕಿಯನ್ನು ತಡೆಯಲೆಂದು 1882ರಲ್ಲೇ ಕೆಲವು ನಿಯಮಗಳನ್ನು ಪ್ರಕಟಿಸಿತು. ಇಂದು ಬಿಎಸ್ 7671 ಎಂದು ಕರೆಯಲಾಗುವ ಬ್ರಿಟಿಷ್ ನಿಯಮಾವಳಿಯ ಬೇರು ಅದೇ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1897ರಲ್ಲಿ ಹೊರಬಂತು. ಅದರ ಹಿಂದೆ ವಿಮಾ ಕಂಪನಿಗಳ ಆಸಕ್ತಿ ಬಲವಾಗಿತ್ತು, ಏಕೆಂದರೆ ಸುಟ್ಟ ಕಟ್ಟಡಕ್ಕೆ ಹಣ ಕೊಡಬೇಕಾದವರು ಅವರೇ. ಬೇರೆ ಅನೇಕ ದೇಶಗಳು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ 60364 ಸಂಖ್ಯೆಯ ಮಾನಕವನ್ನು ತಮ್ಮ ನಿಯಮಗಳಿಗೆ ಅಡಿಪಾಯವಾಗಿ ಇಟ್ಟುಕೊಂಡಿವೆ.

ನಿಮ್ಮ ತಕರಾರೇನು? ನಿಯಮಗಳು ಕಡಿಮೆಯಾಗಬೇಕೆಂದು ಹೇಳುತ್ತೀರಾ?

ಇಲ್ಲ. ಸಂಹಿತೆಯ ಬಹುಪಾಲು ನಿಯಮಗಳ ಹಿಂದೆ ಯಾರದೋ ಸಾವು ಅಥವಾ ಯಾರದೋ ಸುಟ್ಟ ಮನೆ ಇದೆ ಎಂಬುದು ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು. ನನ್ನ ತಕರಾರು ನಿಯಮಗಳ ಸಂಖ್ಯೆಯ ಬಗ್ಗೆ ಅಲ್ಲ, ಅವುಗಳ ಭಾರ ಯಾವ ಕಡೆಗೆ ಬಿದ್ದಿದೆ ಎಂಬುದರ ಬಗ್ಗೆ. ಪ್ರತಿ ಪರಿಷ್ಕರಣೆಯಲ್ಲೂ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ (ಮನೆಯ ಸರ್ಕ್ಯೂಟುಗಳೆಲ್ಲ ಕವಲೊಡೆಯುವ ಪೆಟ್ಟಿಗೆಗೆ) ಇನ್ನೊಂದು ಸಾಧನ ಸೇರುತ್ತದೆ. ಆದರೆ ಈಗಾಗಲೇ ಹಾಕಿರುವ ಸಾಧನ ನಿಜವಾಗಿ ಕೆಲಸ ಮಾಡುತ್ತದೆಯೇ, ಅದಕ್ಕೆ ಬೇಕಾದ ಅರ್ಥಿಂಗ್ ಇದೆಯೇ, ಅದರ ಹಿಂದಿನ ಜಾಯಿಂಟುಗಳು ಬಿಗಿಯಾಗಿವೆಯೇ ಎಂದು ಮೀಟರ್ ಹಿಡಿದು ನೋಡುವ ಕೆಲಸಕ್ಕೆ ಅಷ್ಟೇ ಒತ್ತು ಸಿಗುತ್ತಿಲ್ಲ. ಪರೀಕ್ಷೆಯ ಅಧ್ಯಾಯ ಅನೇಕ ಸಂಹಿತೆಗಳಲ್ಲಿ ಇದೆ, ಚೆನ್ನಾಗಿಯೇ ಇದೆ. ಸೈಟಿನಲ್ಲಿ ಮೊದಲು ಕೈಬಿಟ್ಟುಹೋಗುವುದೂ ಅದೇ ಅಧ್ಯಾಯ. ಸುಧಾರಣೆ ಎಂದರೆ ನನ್ನ ಪಾಲಿಗೆ ಆ ಅಧ್ಯಾಯವನ್ನು ಪುಸ್ತಕದ ಹಿಂಬದಿಯಿಂದ ಮುಂದಕ್ಕೆ ತರುವುದು.

ಪರೀಕ್ಷೆಗೆ ಇಷ್ಟೇಕೆ ಮಹತ್ವ? ಒಳ್ಳೆಯ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್), ಒಳ್ಳೆಯ ತಂತಿ ಹಾಕಿದರೆ ಸಾಲದೆ?

ಸಾಲದು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಸಾಕೆಟ್ಟಿನ ಟರ್ಮಿನಲ್ಲಿನಲ್ಲಿ ಸ್ಕ್ರೂ ಸ್ವಲ್ಪ ಸಡಿಲವಿದೆ, ಅಲ್ಲಿ 0.1 ಓಮ್ ಪ್ರತಿರೋಧ ಹುಟ್ಟಿಕೊಂಡಿದೆ ಎಂದುಕೊಳ್ಳಿ. ಅದರ ಮೂಲಕ 16 ಆಂಪಿಯರ್ ಹರಿದರೆ, ವಿದ್ಯುತ್ ಪ್ರವಾಹದ ವರ್ಗವನ್ನು ಪ್ರತಿರೋಧದಿಂದ ಗುಣಿಸಿದಾಗ 25.6 ವ್ಯಾಟ್ ಬರುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಕಾವು ಹೆಚ್ಚುಕಡಿಮೆ ಇಷ್ಟೇ. ಅಷ್ಟು ಶಾಖ ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಗಂಟೆಗಟ್ಟಲೆ ಕೂತಿರುತ್ತದೆ. ಎಂಸಿಬಿ ಇದನ್ನು ಕಾಣುವುದಿಲ್ಲ, ಏಕೆಂದರೆ 16 ಆಂಪಿಯರ್ ಅದರ ಮಿತಿಯೊಳಗೇ ಇದೆ. ಆರ್‌ಸಿಸಿಬಿಯೂ (ಹೋದ ಪ್ರವಾಹ ಪೂರ್ತಿ ವಾಪಸು ಬರದಿದ್ದರೆ ಕಡಿಯುವ ಸಾಧನ) ಕಾಣುವುದಿಲ್ಲ, ಏಕೆಂದರೆ ಹೋದಷ್ಟೇ ಪ್ರವಾಹ ವಾಪಸು ಬರುತ್ತಿದೆ, ಲೀಕೇಜ್ ಇಲ್ಲ. ಎರಡೂ ಸಾಧನಗಳು ಸಂಹಿತೆ ಹೇಳಿದಂತೆಯೇ ಇವೆ, ಎರಡೂ ಸರಿಯಾಗಿ ಕೆಲಸ ಮಾಡುತ್ತಿವೆ, ಸಾಕೆಟ್ ಮಾತ್ರ ಕಪ್ಪಾಗುತ್ತಿದೆ.

ಸುಟ್ಟ ಬೋರ್ಡುಗಳನ್ನು ಬಿಚ್ಚಿದಾಗ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ತಂತಿ ಸಣ್ಣದಾಗಿ ಸುಟ್ಟದ್ದು ಕಡಿಮೆ, ಜಾಯಿಂಟ್ ಸಡಿಲವಾಗಿ ಸುಟ್ಟದ್ದು ಹೆಚ್ಚು. ಅಮೆರಿಕದ ಸಂಹಿತೆ 2017ರ ಆವೃತ್ತಿಯಲ್ಲಿ, ತಯಾರಕರು ಬಿಗಿತದ ಅಳತೆಯನ್ನು ನಮೂದಿಸಿದ್ದರೆ ಆ ಟರ್ಮಿನಲ್ಲನ್ನು ಅಳತೆ ಸರಿಪಡಿಸಿದ ಟಾರ್ಕ್ ಉಪಕರಣದಿಂದಲೇ ಬಿಗಿಯಬೇಕು ಎಂದು ಸ್ಪಷ್ಟವಾಗಿ ಬರೆಯಿತು. ಆಗ ನಮ್ಮ ಕಸುಬಿನ ಹಿರಿಯರು ಹಲವರು ನಕ್ಕರು. ಕೈಗೆ ಗೊತ್ತಾಗುವುದಿಲ್ಲವೇ ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಒಂದು ದಿನ ಕುತೂಹಲಕ್ಕೆಂದು ನನ್ನದೇ ಕೈಯಿಂದ ಬಿಗಿದ ಬೋರ್ಡನ್ನು ಟಾರ್ಕ್ ಸ್ಕ್ರೂಡ್ರೈವರಿನಿಂದ ಪರೀಕ್ಷಿಸುವವರೆಗೆ. ಕೆಲವು ಟರ್ಮಿನಲ್ಲುಗಳು ಇನ್ನೂ ಅರ್ಧ ಸುತ್ತು ತಿರುಗಿದವು. ಇದು ಹೊಸ ಸಾಧನವನ್ನು ಕೊಳ್ಳಿರಿ ಎನ್ನುವ ನಿಯಮವಲ್ಲ, ಮಾಡಿದ ಕೆಲಸವನ್ನು ಅಳೆದು ತೋರಿಸಿ ಎನ್ನುವ ನಿಯಮ. ನನಗೆ ಬೇಕಾಗಿರುವುದು ಇಂಥವು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ. ಅಂದರೆ ನನ್ನ ಮನೆಯ ಅರ್ಥಿಂಗ್ ಸರಿಯಾಗಿದೆ ಎಂದಲ್ಲವೇ?

ಅಲ್ಲ. ಇಷ್ಟು ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಕೆಲವು ಎಲೆಕ್ಟ್ರಿಷಿಯನ್ನರಲ್ಲೂ ಇದೆ. ಟೆಸ್ಟ್ ಬಟನ್ ಒತ್ತಿದಾಗ ಸಾಧನದ ಒಳಗಿರುವ ಒಂದು ರೆಸಿಸ್ಟರ್ ಮೂಲಕ ಸ್ವಲ್ಪ ಪ್ರವಾಹ ಫೇಸಿನಿಂದ ನ್ಯೂಟ್ರಲಿಗೆ, ಅಳೆಯುವ ಸುರುಳಿಯನ್ನು ಒಂದು ಕಡೆಯಿಂದ ಮಾತ್ರ ಹಾದು, ಹರಿಯುತ್ತದೆ. ಇದಕ್ಕೆ ಅರ್ಥ್ ತಂತಿಯ ಸಂಬಂಧವೇ ಇಲ್ಲ. ಅರ್ಥ್ ತಂತಿಯೇ ಇಲ್ಲದ ಮನೆಯಲ್ಲೂ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ. ಸಾಧನದ ಯಾಂತ್ರಿಕ ಭಾಗ ಅಂಟಿಕೊಂಡಿಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುವುದು, ಅದೂ ಉಪಯುಕ್ತವೇ.

ಒಮ್ಮೆ ಹೊಸದಾಗಿ ಕಟ್ಟಿದ ಮನೆಯೊಂದರಲ್ಲಿ ಎಲ್ಲ ಸಾಕೆಟ್ಟುಗಳೂ ಮೂರು ಪಿನ್ನಿನವು, ಬೋರ್ಡಿನಲ್ಲಿ ಆರ್‌ಸಿಸಿಬಿ ಇತ್ತು, ತಪಾಸಣೆಯೂ ಮುಗಿದಿತ್ತು. ನೀರಿನ ಹೀಟರ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ನನ್ನನ್ನು ಕರೆದರು. ಸಾಕೆಟ್ಟುಗಳಿಂದ ಬಂದ ಹಸಿರು ತಂತಿಗಳೆಲ್ಲ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಒಂದು ಪಟ್ಟಿಗೆ ಸೇರಿದ್ದವು, ಆ ಪಟ್ಟಿಯಿಂದ ಅರ್ಥ್ ಪಿಟ್ಟಿಗೆ ಹೋಗಬೇಕಾದ ತಂತಿಯನ್ನು ಮಾತ್ರ ಯಾರೂ ಎಳೆದಿರಲಿಲ್ಲ. ತಪಾಸಣೆಗೆ ಬಂದವರು ಬಟನ್ ಒತ್ತಿ, ಲೇಬಲ್ಲುಗಳನ್ನು ಓದಿ ಹೋಗಿದ್ದರು. ತಂತಿಯ ದಾರಿ ಎಲ್ಲೂ ಕಡಿದಿಲ್ಲವೆಂದು ನೋಡುವ ಕಂಟಿನ್ಯುಯಿಟಿ ಪರೀಕ್ಷೆಗೆ ತಗಲುತ್ತಿದ್ದುದು ಐದು ನಿಮಿಷ.

ಆರ್‌ಸಿಸಿಬಿ ಇದ್ದಮೇಲೆ ಅರ್ಥಿಂಗ್ ಯಾಕೆ ಅಷ್ಟು ಮುಖ್ಯ?

ಎರಡೂ ಬೇರೆ ಬೇರೆ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತವೆ. ಅರ್ಥಿಂಗ್ ಸರಿಯಿದ್ದರೆ ಉಪಕರಣದ ಮೈಗೆ ಫೇಸ್ ತಗುಲಿದ ಕೂಡಲೇ ಸರ್ಕ್ಯೂಟ್ ಕಡಿದುಹೋಗುತ್ತದೆ, ಮನುಷ್ಯ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಮೈಯಲ್ಲಿ ಫೇಸ್ ಹಾಗೆಯೇ ನಿಂತಿರುತ್ತದೆ. ಯಾರಾದರೂ ಮುಟ್ಟಿ, ಅವರ ಶರೀರದ ಮೂಲಕ 30 ಮಿಲಿಆಂಪಿಯರ್ ಹರಿದ ಮೇಲೆಯೇ ಆರ್‌ಸಿಸಿಬಿ ಎಚ್ಚೆತ್ತುಕೊಳ್ಳುವುದು. ಬದುಕುಳಿಯುವ ಸಂಭವ ಹೆಚ್ಚು, ಆದರೆ ಶಾಕ್ ಹೊಡೆಯುವುದು ಖಂಡಿತ. ಕೈ ಬಿಡಿಸಿಕೊಳ್ಳಲಾಗದ ಪ್ರವಾಹ ಎಷ್ಟು ಎಂದು ಚಾರ್ಲ್ಸ್ ಡಾಲ್ಝಿಯಲ್ ಎಂಬ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕರು ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ ನೋಡಿದಾಗ, ಗಂಡಸರಲ್ಲಿ ಸರಾಸರಿ 16 ಮತ್ತು ಹೆಂಗಸರಲ್ಲಿ 10.5 ಮಿಲಿಆಂಪಿಯರ್ ಬಂತು. ಅವರೇ 1961ರಲ್ಲಿ ಸುಮಾರು 5 ಮಿಲಿಆಂಪಿಯರಿಗೆ ಟ್ರಿಪ್ ಆಗುವ ಸಾಧನವನ್ನು ರೂಪಿಸಿದರು, ಅಮೆರಿಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಮಿತಿ ಅದೇ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಮನೆಯ ಅರ್ಥ್ ಪಿಟ್ಟಿನ ಪ್ರತಿರೋಧ 100 ಓಮ್ ಇದೆ, ಅರ್ಥಿಂಗಿಗೆ ಬೇರೆ ದಾರಿಯಿಲ್ಲ ಎಂದಾದರೆ, ಫೇಸ್ ನೇರವಾಗಿ ಅರ್ಥಿಗೆ ತಗುಲಿದರೂ ಹರಿಯುವುದು 2.3 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಇದನ್ನು ದಿನವಿಡೀ ಹೊತ್ತುಕೊಂಡಿರುತ್ತದೆ. ಅಲ್ಲಿ ಆರ್‌ಸಿಸಿಬಿ ಇಲ್ಲದೆ ಗತಿಯಿಲ್ಲ. ಆದ್ದರಿಂದ ಯಾವುದು ಬೇಕು ಎಂಬುದು ಆ ಕಟ್ಟಡದಲ್ಲಿ ಅಳೆದ ಸಂಖ್ಯೆಯನ್ನು ಅವಲಂಬಿಸಿದೆ, ಅಳೆಯದೆ ಹೇಳಲು ಬರುವುದಿಲ್ಲ.

ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು ಬಿ ವಿಧದ್ದನ್ನು ತೆಗೆದು ಸಿ ವಿಧದ್ದನ್ನು ಹಾಕುತ್ತಾರೆ. ಸಂಹಿತೆ ಇದಕ್ಕೆ ಒಪ್ಪುತ್ತದೆಯೇ?

ಅಳೆದ ಮೇಲೆ ಒಪ್ಪುತ್ತದೆ. 16 ಆಂಪಿಯರಿನ ಬಿ ವಿಧದ ಎಂಸಿಬಿ ಹೆಚ್ಚೆಂದರೆ ಐದು ಪಟ್ಟು, ಅಂದರೆ 80 ಆಂಪಿಯರ್ ಹರಿದಾಗ ತಕ್ಷಣ ಕಡಿಯುತ್ತದೆ. ಸಿ ವಿಧಕ್ಕೆ ಹತ್ತು ಪಟ್ಟು, 160 ಆಂಪಿಯರ್ ಬೇಕಾಗಬಹುದು. 230 ವೋಲ್ಟಿನಲ್ಲಿ 80 ಆಂಪಿಯರ್ ಹರಿಯಬೇಕಾದರೆ ಫೇಸಿನಿಂದ ಅರ್ಥಿನವರೆಗಿನ ಇಡೀ ಸುತ್ತಿನ ಪ್ರತಿರೋಧ 2.87 ಓಮಿಗಿಂತ ಕಡಿಮೆಯಿರಬೇಕು, 160 ಆಂಪಿಯರಿಗೆ 1.44 ಓಮಿಗಿಂತ ಕಡಿಮೆ. ಅಳತೆ 2 ಓಮ್ ತೋರಿಸುವ ಸರ್ಕ್ಯೂಟಿನಲ್ಲಿ ಬಿ ವಿಧದ್ದು ರಕ್ಷಿಸುತ್ತಿತ್ತು, ಸಿ ವಿಧದ್ದು ಶಾರ್ಟ್ ಆದಾಗ ಬೇಕಾದಷ್ಟು ಬೇಗ ಬೀಳದಿರಬಹುದು. ಮಾಲೀಕರಿಗೆ ಮಾತ್ರ ತೊಂದರೆ ನಿವಾರಣೆಯಾದಂತೆ ಕಾಣುತ್ತದೆ. ಒಂದು ಸಾಧನವನ್ನು ಬದಲಿಸಿದರೂ ಈ ಸುತ್ತಿನ ಪ್ರತಿರೋಧವನ್ನು ಅಳೆಯುವ ಲೂಪ್ ಪರೀಕ್ಷೆ ಮಾಡಿ ಬರೆದಿಡಬೇಕು ಎಂಬ ನಿಯಮ ಎಲ್ಲೆಡೆ ಕಡ್ಡಾಯವಾದರೆ ಈ ಅಡ್ಡದಾರಿ ಮುಚ್ಚುತ್ತದೆ.

ಆರ್ಕ್ ಫಾಲ್ಟ್ ಸಾಧನಗಳನ್ನು ಕಡ್ಡಾಯ ಮಾಡುವುದನ್ನು ನೀವು ವಿರೋಧಿಸುತ್ತೀರಾ?

ಸಾರಾಸಗಟಾಗಿ ವಿರೋಧಿಸುವುದಿಲ್ಲ. ತಂತಿ ಹರಿದ ಜಾಗದಲ್ಲಿ, ಜಜ್ಜಿದ ಕೇಬಲ್ಲಿನಲ್ಲಿ ಕಿಡಿ ಹಾರುವುದನ್ನು ಈ ಸಾಧನ ಪ್ರವಾಹದ ಅಲೆಯ ಆಕಾರವನ್ನು ನೋಡಿ ಗುರುತಿಸುತ್ತದೆ, ಮತ್ತು ಅದು ಎಂಸಿಬಿಯಿಂದ ಆಗದ ಕೆಲಸ. ಅಮೆರಿಕದ ಸಂಹಿತೆ 1999ರ ಆವೃತ್ತಿಯಲ್ಲೇ ಮಲಗುವ ಕೋಣೆಗಳ ಸಾಕೆಟ್ಟುಗಳಿಗೆ ಇದನ್ನು ಸೇರಿಸಿ, 2002ರ ಜನವರಿಯಿಂದ ಜಾರಿಗೆ ಬರುವಂತೆ ಮಾಡಿತು, ಆಮೇಲೆ ಒಂದೊಂದೇ ಕೋಣೆಗೆ ವಿಸ್ತರಿಸುತ್ತ ಹೋಯಿತು. ಬ್ರಿಟಿಷ್ ನಿಯಮಾವಳಿ 2018ರಲ್ಲಿ ಶಿಫಾರಸು ಮಾತ್ರ ಮಾಡಿ, 2022ರ ತಿದ್ದುಪಡಿಯಲ್ಲಿ ಎತ್ತರದ ವಸತಿ ಕಟ್ಟಡ, ವಿದ್ಯಾರ್ಥಿ ನಿಲಯ, ವೃದ್ಧರ ಆರೈಕೆ ಮನೆ ಮುಂತಾದ ಹೆಚ್ಚು ಅಪಾಯದ ಕಡೆ ಸಾಕೆಟ್ ಸರ್ಕ್ಯೂಟುಗಳಿಗೆ ಕಡ್ಡಾಯ ಮಾಡಿತು. ನನಗೆ ಈ ಎರಡನೆಯ ಕ್ರಮ ಹೆಚ್ಚು ಹಿಡಿಸುತ್ತದೆ: ಓಡಿಹೋಗಲು ಆಗದವರು ಮಲಗುವಲ್ಲಿ ಮೊದಲು ಹಾಕಿ, ಅನುಭವ ಬಂದ ಮೇಲೆ ಮುಂದುವರಿಯುವುದು. ಮೇಲೆ ಹೇಳಿದ ಸಡಿಲ ಟರ್ಮಿನಲ್ಲು, ಕಿಡಿ ಹಾರಿಸದೆ ಬರೀ ಕೆಂಪಗೆ ಕಾಯುತ್ತಿರುವ ಹಂತದಲ್ಲಿ, ಈ ಸಾಧನಕ್ಕೂ ಕಾಣುವುದಿಲ್ಲ ಎಂಬುದನ್ನು ಮಾರುವವರು ಹೇಳುವುದು ಅಪರೂಪ.

ಹೊಸ ನಿಯಮ ಹಳೆಯ ಮನೆಗಳಿಗೂ ಅನ್ವಯಿಸಬೇಕೇ?

ಸುಧಾರಣೆಯ ಚರ್ಚೆಯಲ್ಲಿ ಇದೇ ನಿಜವಾದ ಗಂಟು. ಸಾಮಾನ್ಯವಾಗಿ ಎಲ್ಲ ದೇಶಗಳಲ್ಲೂ ಕಟ್ಟಿದ ಕಾಲದಲ್ಲಿ ಯಾವ ನಿಯಮ ಇತ್ತೋ ಅದಕ್ಕೆ ಹೊಂದಿದ ವೈರಿಂಗನ್ನು ಹಾಗೆಯೇ ಬಿಡಲಾಗುತ್ತದೆ. ಇದರಲ್ಲಿ ನ್ಯಾಯವಿದೆ, ಪ್ರತಿ ಪರಿಷ್ಕರಣೆಗೂ ಗೋಡೆ ಕೊರೆಯಿರಿ ಎಂದರೆ ಯಾರಿಗೂ ಸಾಧ್ಯವಿಲ್ಲ. ಆದರೆ ಪರಿಣಾಮ ಏನೆಂದರೆ, ಅಪಾಯ ಕಡಿಮೆಯಿರುವ ಹೊಸ ಮನೆಯ ಮೇಲೆ ನಿಯಮಗಳು ಪದರ ಪದರವಾಗಿ ಬೀಳುತ್ತವೆ, ಅಪಾಯ ಹೆಚ್ಚಿರುವ ಹಳೆಯ ಮನೆಯನ್ನು ಯಾರೂ ಮುಟ್ಟುವುದಿಲ್ಲ. ವೈರಿಂಗಿಗೂ ಮುಪ್ಪಿದೆ. ಪಿವಿಸಿ ಹೊದಿಕೆಯ ತಂತಿ ನಿರಂತರವಾಗಿ 70 ಡಿಗ್ರಿ ಸೆಲ್ಸಿಯಸ್ ತಡೆಯುವಂತೆ ಮಾಡಿದ್ದು. ಅದಕ್ಕಿಂತ ಪ್ರತಿ 10 ಡಿಗ್ರಿ ಹೆಚ್ಚು ಕಾದರೆ ಹೊದಿಕೆಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಸುಬಿನ ಹಳೆಯ ಲೆಕ್ಕ. ಹಲವು ಎಳೆಗಳನ್ನು ಒಂದೇ ಕಂಡ್ಯೂಟಿನಲ್ಲಿ ತುರುಕಿದ ಮನೆಯಲ್ಲಿ ತಂತಿ ಬಗ್ಗಿಸಿದರೆ ಹೊದಿಕೆ ಹಪ್ಪಳದಂತೆ ಮುರಿಯುವುದನ್ನು ನೋಡಿದ್ದೇನೆ.

ಅಮೆರಿಕದ ಅಲ್ಯೂಮಿನಿಯಂ ಪ್ರಸಂಗ ಇಲ್ಲಿ ನೆನಪಿಡಬೇಕಾದದ್ದು. ತಾಮ್ರದ ಬೆಲೆ ಏರಿದ್ದರಿಂದ 1965ರಿಂದ 1973ರ ಸುಮಾರಿಗೆ ಅಲ್ಲಿ ಬಹಳಷ್ಟು ಮನೆಗಳಿಗೆ ಅಲ್ಯೂಮಿನಿಯಂ ತಂತಿ ಎಳೆದರು. ಆಗಿನ ಸಂಹಿತೆಗೆ ಅದು ಒಪ್ಪಿಗೆಯಾಗಿಯೇ ಇತ್ತು. ಆಮೇಲೆ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, 1972ಕ್ಕೆ ಮೊದಲು ತಯಾರಾದ ಆ ತಂತಿಯಿರುವ ಮನೆಗಳಲ್ಲಿ ಜೋಡಣೆಗಳು ಬೆಂಕಿ ಹತ್ತುವ ಸ್ಥಿತಿಗೆ ತಲುಪುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಎಚ್ಚರಿಸಿತು. ತೊಂದರೆ ಇದ್ದದ್ದು ಮತ್ತೆ ಜಾಯಿಂಟಿನಲ್ಲಿಯೇ, ತಂತಿಯ ಉದ್ದದಲ್ಲಲ್ಲ.

ಆದ್ದರಿಂದ ನನ್ನ ಸಲಹೆ ಹಳೆಯ ಮನೆಗೆ ಹೊಸ ನಿಯಮವನ್ನು ಹೇರುವುದಲ್ಲ, ಹಳೆಯ ಮನೆಗೆ ನಿಯತ ಪರೀಕ್ಷೆಯನ್ನು ತರುವುದು. ಇಂಗ್ಲೆಂಡಿನಲ್ಲಿ 2020ರ ನಿಯಮದ ಪ್ರಕಾರ ಬಾಡಿಗೆಗೆ ಕೊಡುವ ಮನೆಯ ವೈರಿಂಗನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಬೇಕು. ಫ್ರಾನ್ಸಿನಲ್ಲಿ 15 ವರ್ಷಕ್ಕಿಂತ ಹಳೆಯ ವೈರಿಂಗ್ ಇರುವ ಮನೆಯನ್ನು ಮಾರುವಾಗ ವಿದ್ಯುತ್ ತಪಾಸಣೆಯ ವರದಿ ಕೊಡಬೇಕು. ಮನೆ ಕೈ ಬದಲಿಸುವ ಹೊತ್ತು ಒಳ್ಳೆಯ ಹೊತ್ತು, ಏಕೆಂದರೆ ಆಗ ದುಡ್ಡೂ ಓಡಾಡುತ್ತಿರುತ್ತದೆ, ಕೊಳ್ಳುವವರಿಗೆ ಪ್ರಶ್ನೆ ಕೇಳುವ ಆಸಕ್ತಿಯೂ ಇರುತ್ತದೆ.

ಸಂಹಿತೆಯನ್ನು ಎಷ್ಟು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು?

ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಭಾರತದ ರಾಷ್ಟ್ರೀಯ ವಿದ್ಯುತ್ ಸಂಹಿತೆ 1985ರಲ್ಲಿ ಬಂದದ್ದು ಪರಿಷ್ಕೃತವಾದದ್ದು 2011ರಲ್ಲಿ, ಮತ್ತೆ 2023ರಲ್ಲಿ. ಮೊದಲನೆಯದು ಅತಿ ಅವಸರ, ಎರಡನೆಯದರಲ್ಲಿ 26 ವರ್ಷದ ಮೌನ. ಮೂರು ವರ್ಷದಲ್ಲಿ ಹಿಂದಿನ ಆವೃತ್ತಿಯ ಪರಿಣಾಮವೇ ತಿಳಿದಿರುವುದಿಲ್ಲ. ಅಮೆರಿಕದ 2020ರ ಆವೃತ್ತಿ ಮನೆಯ ಹೊರಗಿನ ಜೋಡಣೆಗಳಿಗೂ ಲೀಕೇಜ್ ರಕ್ಷಣೆಯನ್ನು ವಿಸ್ತರಿಸಿದಾಗ, ಇನ್ವರ್ಟರ್ ಬಳಸುವ ಹವಾನಿಯಂತ್ರಕಗಳು ಯಾವ ದೋಷವೂ ಇಲ್ಲದೆ ಟ್ರಿಪ್ ಮಾಡತೊಡಗಿದವು. ಅವುಗಳಿಗೆ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಬೇಸಿಗೆಯಲ್ಲಿ ಪದೇ ಪದೇ ಬೀಳುವ ಸಾಧನವನ್ನು ಜನ ಕಿತ್ತುಹಾಕುತ್ತಾರೆ. ಐದಾರು ವರ್ಷಕ್ಕೊಂದು ಆವೃತ್ತಿ, ನಡುವೆ ಜೀವಕ್ಕೆ ಅಪಾಯವಿರುವ ವಿಷಯಗಳಿಗೆ ಮಾತ್ರ ತಿದ್ದುಪಡಿ ಎಂಬುದು ನನಗೆ ಸರಿ ಎನಿಸುತ್ತದೆ.

ಸಂಹಿತೆಯ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಬೇಕೆ?

ಅನೇಕ ದೇಶಗಳಲ್ಲಿ ಹೌದು, ಮತ್ತು ಅಗ್ಗವೂ ಅಲ್ಲ. ಪಾಲಿಸದಿದ್ದರೆ ದಂಡ ಹಾಕುವ ನಿಯಮವನ್ನು ಓದಲು ದುಡ್ಡು ಕೇಳುವುದು ನನಗೆ ಒಪ್ಪಿಗೆಯಿಲ್ಲ. ಮಾನಕ ಬರೆಯುವ ಸಂಸ್ಥೆಗಳಿಗೆ ಅದೇ ಆದಾಯ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಕಾನೂನಿನ ಭಾಗವಾದ ಮಾನಕಗಳನ್ನು ಲಾಭದ ಉದ್ದೇಶವಿಲ್ಲದೆ ಸಾರ್ವಜನಿಕವಾಗಿ ಇಡುವುದು ನ್ಯಾಯಯುತ ಬಳಕೆ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2023ರಲ್ಲಿ ಹೇಳಿತು. ಆ ಮೊಕದ್ದಮೆಯಲ್ಲಿ ವಿದ್ಯುತ್ ಸಂಹಿತೆಯ ಪ್ರಕಾಶಕರೂ ಇದ್ದರು. ಪ್ರತಿ ನಿಯಮದ ಕೆಳಗೆ ಅದು ಯಾಕೆ ಬಂತು ಎಂಬುದನ್ನು ಎರಡು ಸಾಲು ಬರೆದರೆ ಇನ್ನೂ ಒಳ್ಳೆಯದು. ಕಾರಣ ಗೊತ್ತಿದ್ದವನು ನಿಯಮವನ್ನು ಅಡ್ಡಹಾದಿಯಲ್ಲಿ ದಾಟಲು ಹಿಂಜರಿಯುತ್ತಾನೆ.

ವಿದ್ಯುತ್ ವಾಹನ, ಸೌರ ಫಲಕ, ಎಲ್‌ಇಡಿ ಬಂದ ಮೇಲೆ ಹಳೆಯ ನಿಯಮಗಳು ಸಾಕೇ?

ಇಲ್ಲಿ ಮಾತ್ರ ಹೊಸ ನಿಯಮಗಳು ನಿಜವಾಗಿ ಬೇಕು. ಹಳೆಯ ಲೆಕ್ಕಾಚಾರದಲ್ಲಿ ಮನೆಯ ಲೋಡ್ ಬಂದು ಹೋಗುವಂಥದ್ದು. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ, ಹೀಟರ್ ಇಪ್ಪತ್ತು ನಿಮಿಷ. ವಾಹನದ ಚಾರ್ಜರ್ 32 ಆಂಪಿಯರ್, ಅಂದರೆ ಸುಮಾರು 7.4 ಕಿಲೋವ್ಯಾಟ್, ರಾತ್ರಿಯಿಡೀ ಎಳೆಯುತ್ತದೆ. ತಂತಿಗೆ ತಣ್ಣಗಾಗುವ ವಿರಾಮವೇ ಸಿಗುವುದಿಲ್ಲ. ಅದೂ ಅಲ್ಲದೆ ಚಾರ್ಜರಿನಿಂದ ನೇರ ಪ್ರವಾಹ ಸೋರಿದರೆ, ಪರ್ಯಾಯ ಪ್ರವಾಹದ ಸೋರಿಕೆಯನ್ನು ಮಾತ್ರ ಗುರುತಿಸುವ ಎಸಿ ವಿಧದ ಆರ್‌ಸಿಸಿಬಿ ಕುರುಡಾಗುತ್ತದೆ. ಅದಕ್ಕಾಗಿಯೇ 6 ಮಿಲಿಆಂಪಿಯರ್ ನೇರ ಪ್ರವಾಹವನ್ನು ಗುರುತಿಸುವ ವ್ಯವಸ್ಥೆ ಅಥವಾ ಬಿ ವಿಧದ ಆರ್‌ಸಿಸಿಬಿ (ಮೇಲೆ ಹೇಳಿದ ಬಿ ವಿಧದ ಎಂಸಿಬಿ ಬೇರೆ) ಬೇಕಾಗುತ್ತದೆ. ಇಂದಿನ ಉಪಕರಣಗಳಲ್ಲಿ ಬಹುಪಾಲು ಎಲೆಕ್ಟ್ರಾನಿಕ್ಸ್ ಇರುವುದರಿಂದ ಎಸಿ ವಿಧವನ್ನು ಪೂರ್ತಿ ಕೈಬಿಡಬೇಕೆಂಬುದು ನನ್ನ ನಿಲುವು. ಜರ್ಮನಿ ಬಹಳ ಹಿಂದೆಯೇ ಹಾಗೆ ಮಾಡಿದೆ, ಆಸ್ಟ್ರೇಲಿಯಾ 2023ರಿಂದ ಹೊಸ ಜೋಡಣೆಗಳಲ್ಲಿ ನಿಲ್ಲಿಸಿದೆ.

ಎಲ್‌ಇಡಿ ದೀಪ, ಕಂಪ್ಯೂಟರುಗಳ ವಿಷಯದಲ್ಲಿ ಗಮನಿಸಬೇಕಾದದ್ದು ನ್ಯೂಟ್ರಲ್. ಮೂರು ಫೇಸಿನ ಲೋಡ್ ಸಮನಾಗಿದ್ದರೆ ನ್ಯೂಟ್ರಲಿನಲ್ಲಿ ಪ್ರವಾಹ ಇರುವುದಿಲ್ಲ ಎಂದು ನಾವು ಕಲಿತದ್ದು. ಇವುಗಳು ಹುಟ್ಟಿಸುವ ಮೂರನೆಯ ಹಾರ್ಮೋನಿಕ್ ಪ್ರವಾಹಗಳು (ಮೂಲ ಪ್ರವಾಹದ ಮೂರು ಪಟ್ಟು ವೇಗದಲ್ಲಿ ಏರಿಳಿಯುವವು) ಒಂದನ್ನೊಂದು ಕಳೆಯುವ ಬದಲು ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತವೆ. ಹಿಂದಿನ ವಾಡಿಕೆಯಂತೆ ನ್ಯೂಟ್ರಲನ್ನು ಸಣ್ಣ ತಂತಿಯಲ್ಲಿ ಎಳೆದ ಕಚೇರಿ ಕಟ್ಟಡಗಳಲ್ಲಿ ಅದು ಫೇಸಿಗಿಂತ ಬಿಸಿಯಾಗಿರುವುದನ್ನು ಕಂಡಿದ್ದೇನೆ. ಆ ನ್ಯೂಟ್ರಲ್ ಕಡಿದುಹೋದರೆ ಒಂದು ಫೇಸಿನ ಉಪಕರಣಗಳಿಗೆ 300 ವೋಲ್ಟಿಗೂ ಮೀರಿ ಬರಬಹುದು.

ಮನೆಯವರೇ ವೈರಿಂಗ್ ಮಾಡಿಕೊಳ್ಳಬಹುದೇ?

ಸ್ವಿಚ್ ಬದಲಿಸುವುದಕ್ಕೆ ನನ್ನ ಅಭ್ಯಂತರವಿಲ್ಲ, ಮೇನ್ ಇಳಿಸಿ ಟೆಸ್ಟರಿನಿಂದ ಖಚಿತಪಡಿಸಿಕೊಂಡಿದ್ದರೆ. ಹೊಸ ಸರ್ಕ್ಯೂಟ್ ಎಳೆಯುವುದು ಬೇಡ.

ಇಡೀ ಜಗತ್ತಿಗೆ ಒಂದೇ ಸಂಹಿತೆ ಏಕಿಲ್ಲ?

ವೋಲ್ಟೇಜ್, ಅರ್ಥಿಂಗ್ ಪದ್ಧತಿ, ಪ್ಲಗ್ಗು ಎಲ್ಲ ಬೇರೆ ಬೇರೆ. ಬ್ರಿಟನ್ನಿನ ರಿಂಗ್ ಸರ್ಕ್ಯೂಟ್ (ಬೋರ್ಡಿನಿಂದ ಹೊರಟ ತಂತಿ ಸಾಕೆಟ್ಟುಗಳನ್ನು ಸುತ್ತಿ ಮತ್ತೆ ಬೋರ್ಡಿಗೇ ಬರುವ ಪದ್ಧತಿ) ಎರಡನೇ ಮಹಾಯುದ್ಧದ ನಂತರದ ತಾಮ್ರದ ಕೊರತೆಯಲ್ಲಿ ಹುಟ್ಟಿದ್ದು. ಪ್ಲಗ್ಗಿನೊಳಗೆ ಫ್ಯೂಸ್ ಇಟ್ಟದ್ದರಿಂದ ಅಲ್ಲಿ ಅದು ನಡೆಯುತ್ತದೆ, ಫ್ಯೂಸ್ ಇಲ್ಲದ ಪ್ಲಗ್ಗಿನ ದೇಶಕ್ಕೆ ಅದನ್ನು ಹಾಗೇ ಒಯ್ಯಲಾಗದು. ಪರೀಕ್ಷೆಯ ಭಾಗ ಮಾತ್ರ ಎಲ್ಲೆಡೆ ಒಂದೇ ಇರಬಹುದು, ಓಮಿನ ನಿಯಮಕ್ಕೆ ಗಡಿಯಿಲ್ಲವಲ್ಲ.

ಹೊಸ ವೈರಿಂಗ್ ಮುಗಿದಾಗ ಎಲೆಕ್ಟ್ರಿಷಿಯನ್ನನಿಂದ ನಾನು ಏನು ಕೇಳಿ ಪಡೆಯಬೇಕು?

ಬರವಣಿಗೆಯಲ್ಲಿ ಪರೀಕ್ಷಾ ವರದಿ. ಅದರಲ್ಲಿ ಪ್ರತಿ ಸರ್ಕ್ಯೂಟಿಗೂ ಅರ್ಥ್ ಕಂಟಿನ್ಯುಯಿಟಿಯ ಓಮ್, ಮೆಗ್ಗರಿನಿಂದ 500 ವೋಲ್ಟ್ ನೇರ ಪ್ರವಾಹದಲ್ಲಿ ಅಳೆದ ಇನ್ಸುಲೇಷನ್ (1 ಮೆಗಾಓಮಿಗಿಂತ ಕಡಿಮೆ ಇರಬಾರದು, ಹೊಸ ವೈರಿಂಗಿನಲ್ಲಿ ಅದಕ್ಕಿಂತ ಬಹಳ ಮೇಲಿರಬೇಕು), ಲೂಪ್ ಪ್ರತಿರೋಧ, ಆರ್‌ಸಿಸಿಬಿ 30 ಮಿಲಿಆಂಪಿಯರಿಗೆ ಎಷ್ಟು ಮಿಲಿಸೆಕೆಂಡಿನಲ್ಲಿ ಬಿತ್ತು (300ರ ಒಳಗಿರಬೇಕು) ಎಂಬ ಸಂಖ್ಯೆಗಳಿರಬೇಕು. ‘ಸರಿಯಿದೆ’ ಎಂಬ ಪದ ಮಾತ್ರ ಬರೆದ ಕಾಗದವನ್ನು ಹಿಂತಿರುಗಿಸಿ. ಎಲ್ಲ ಸಾಲುಗಳಲ್ಲೂ ಒಂದೇ ಸಂಖ್ಯೆ ಇದ್ದರೂ ಹಿಂತಿರುಗಿಸಿ, ಏಕೆಂದರೆ ಉದ್ದ ಬೇರೆ ಬೇರೆಯಿರುವ ಸರ್ಕ್ಯೂಟುಗಳಲ್ಲಿ ಒಂದೇ ಅಳತೆ ಬರುವುದಿಲ್ಲ, ಅದನ್ನು ಕುಳಿತಲ್ಲೇ ಬರೆದಿರುತ್ತಾರೆ. ಸರಿಯಾದ ವರದಿಯ ಒಂದು ಪ್ರತಿಯನ್ನು ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿಡಿ. ಹತ್ತು ವರ್ಷದ ನಂತರ ಅದೇ ಬೋರ್ಡ್ ತೆರೆಯುವ ಎಲೆಕ್ಟ್ರಿಷಿಯನ್ ತನ್ನ ಅಳತೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ, ಯಾವ ಸರ್ಕ್ಯೂಟಿನ ಜಾಯಿಂಟನ್ನು ಮೊದಲು ಬಿಚ್ಚಬೇಕೆಂದು ತಿಳಿದುಕೊಳ್ಳುತ್ತಾನೆ.